ಸೊನ್ನೆಯಲ್ಲ, ಅಡ್ಡಗೀಟು

೧
ಎಲ್ಲಿಂದ ಶುರು ಮಾಡಲಿ? ಸಮುದ್ರದ ತಳದಿಂದಲೋ, ಬಚ್ಚಲಿನಿಂದಲೋ?

ತಳದಿಂದ ಒಮ್ಮೆ ಶುರು ಮಾಡಿದ್ದೆ: ‘ನೀಲಿಯ ಮೌನದಲ್ಲಿ ಹಸಿರು ಹುಲ್ಲು ತೂಗುತ್ತಿತ್ತು...’ ಹರಿದು ಹಾಕಿದೆ. ಮೊಣಕಾಲು ಮುಳುಗುವ ನೀರಿಗೂ ಇಳಿಯದವಳು ತಳದ ಮೌನ ವರ್ಣಿಸಿದರೆ ಮೀನೂ ನಕ್ಕೀತು. ಬಚ್ಚಲಿನಿಂದಲೇ ಆಗಲಿ.

೨
ಕಡಲ ಸಂಶೋಧನಾ ಕೇಂದ್ರದ ಹಿಂಬದಿಯ ಬಚ್ಚಲಲ್ಲಿ ಸ್ಲೇಟಮ್ಮ ಕೂತಿದ್ದಾಳೆ. ಕೈಯಲ್ಲಿ ಪ್ಲಾಸ್ಟಿಕ್ ಸ್ಲೇಟು. ತಿಂಗಳಿಗೊಮ್ಮೆ ಮುಳುಗಣ್ಣ ಸಮುದ್ರಕ್ಕೆ ಇಳಿಯುತ್ತಾನೆ. ತಳದಲ್ಲಿ ಗೂಟ ಹೊಡೆದು ಗುರುತಿಟ್ಟ ಅವೇ ಹನ್ನೆರಡು ಚೌಕಗಳಲ್ಲಿ ಕಡಲಹುಲ್ಲಿನ ಕುಡಿ ಎಣಿಸಿ, ನೀರೊಳಗೇ ಪೆನ್ಸಿಲ್ ಹಿಡಿದು ಸ್ಲೇಟಿನ ಮೇಲೆ ಬರೆದು ತರುತ್ತಾನೆ. ಇವಳು ಅದನ್ನು ರಿಜಿಸ್ಟರಿಗೆ ಇಳಿಸಿ, ಸ್ಲೇಟನ್ನು ತಿಕ್ಕಿ ತೊಳೆದು ಮೊಳೆಗೆ ನೇತು ಹಾಕುತ್ತಾಳೆ. ಇಪ್ಪತ್ತಮೂರು ವರ್ಷದಿಂದ ಹೀಗೇ. (ಬಂದದ್ದು ಮುಳುಗುವ ಸೂಟು ತೊಳೆಯಲು. ವಯಸ್ಕರ ಶಾಲೆಯಲ್ಲಿ ಆಗಷ್ಟೇ ಅಂಕಿ ಕಲಿತಿದ್ದಳು, ಹಾಗಾಗಿ ಪೆನ್ನೂ ಕೈಗೆ ಬಂತು.)

೩
ಇವತ್ತು ಕೇಂದ್ರದ ಮೇಡಂ ಬಚ್ಚಲ ಬಾಗಿಲಿಗೆ ಬಂದು ನಿಂತರು.

“ಅಮ್ಮ, ಬಹುಶಃ ಇದೇ ಕೊನೇ ಸ್ಲೇಟು. ಮೊದಲ ಮೂರು ವರ್ಷ ಹುಲ್ಲು ಎಷ್ಟೋ ಸಲ ಪೂರ್ತಿ ಹೋಗಿ ಮರುತಿಂಗಳೇ ವಾಪಸ್ ಬಂದಿದೆ ಅಂತ ರಿಜಿಸ್ಟರಲ್ಲಿದೆ. ತಾನಾಗೇ ಬರೋ ಹುಲ್ಲಿಗೆ ಕಾವಲು ಯಾಕೆ, ಎಣಿಕೆ ನಿಲ್ಲಿಸಿ ಅಂತಿದಾರೆ ಮೇಲಿನೋರು. ನಾಡಿದ್ದು ಮೀಟಿಂಗು.”

ಸ್ಲೇಟಮ್ಮನ ಕೈ ನಿಂತಿತು.

ಎಣಿಸಲು ಹೋಗಿ ಒಂದೂ ಸಿಗದಿದ್ದರೆ ಸೊನ್ನೆ. ನೀರು ಕದಡಿ ಎಣಿಸಲಿಕ್ಕೇ ಆಗದಿದ್ದರೆ ಅಡ್ಡಗೀಟು. ಮುಳುಗಣ್ಣ ಸ್ಲೇಟಿನ ಮೇಲೆ ಹಾಗೆ ಬರೆಯುತ್ತಿದ್ದ. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅಡ್ಡಗೀಟು ಅವಳ ಕಣ್ಣಿಗೆ ಮಾಡದೆ ಬಿಟ್ಟ ಲೆಕ್ಕದಂತೆ ಕಂಡಿತ್ತು. ಅಂಥ ಕಡೆಯೆಲ್ಲ ರಿಜಿಸ್ಟರಿನಲ್ಲಿ ದುಂಡನೆಯ ಸೊನ್ನೆ ಸುತ್ತಿ, ಅಂದವಾಯಿತೆಂದು ಹಿಗ್ಗಿದ್ದಳು. ನಾಲ್ಕನೆಯ ವರ್ಷ ತನ್ನ ತಪ್ಪು ತಾನೇ ಅರಿತು ಕೈ ತಿದ್ದಿಕೊಂಡಳು. ಹಳೆಯದನ್ನು ಮಾತ್ರ ಬಾಯಿಬಿಡಲಿಲ್ಲ. ಕೆಲಸ ಹೋದೀತೆಂದಲ್ಲ, ಪೆನ್ನು ಕಿತ್ತುಕೊಂಡಾರೆಂದು.

೪
ಇಲ್ಲಿ ನನಗೊಂದು ಉಪಾಯ ಹೊಳೆಯಿತು. ಸವೆದ ಹಳೆಯ ಸ್ಲೇಟುಗಳು ಅವಳ ಮನೆಯಲ್ಲಿ ಡಬ್ಬಿ ಮುಚ್ಚುವ ಹಲಗೆಗಳಾಗಿವೆ; ಓರೆಯಾಗಿ ಬೆಳಕು ಬಿಟ್ಟರೆ ಅಂದಿನ ಪೆನ್ಸಿಲ್ ಗುರುತು ಎದ್ದು ಕಾಣುತ್ತದೆ; ನಿಜವಾದ ಲೆಕ್ಕ ಸಿಕ್ಕೇಬಿಡುತ್ತದೆ.

“ಹಾಗೆ ಬರೀಬೇಡಿ,” ಎಂದಳು ಸ್ಲೇಟಮ್ಮ.

“ಯಾಕಮ್ಮ? ಓದೋರು ಚಪ್ಪಾಳೆ ಹೊಡೀತಾರೆ.”

“ನಾನು ತಿಕ್ಕಿದ ಮೇಲೂ ಗುರುತು ಉಳಿಯುತ್ತಾ? ಇಪ್ಪತ್ತಮೂರು ವರ್ಷದ ಮರ್ಯಾದೆ ಕಳೀತೀರಲ್ಲ.”

ಹರಿದೆ. (ಸುಳ್ಳೇಕೆ, ಆ ಪುಟ ಚೆನ್ನಾಗಿತ್ತು.)

೫
ಇನ್ನೊಂದು ಕರಡು: ಅವಳು ಸುಮ್ಮನಿರುತ್ತಾಳೆ. ಅರ್ಧ ಪುಟಕ್ಕೆ ಮುಗಿಯುತ್ತದೆ.

“ನಿಮಗೆ ಮುಗಿಸೋ ಆತುರ ಅಂತ ನನ್ನ ಬಾಯಿಗೆ ಬೀಗ ಹಾಕ್ತೀರಾ? ಇಷ್ಟು ವರ್ಷ ನಾನೇ ಹಾಕ್ಕೊಂಡಿದ್ದು ಸಾಕು. ಏಳಿ, ಜಾಗ ಬಿಡಿ.”

ಎದ್ದು ಜಾಗ ಬಿಟ್ಟೆ. ರಿಜಿಸ್ಟರನ್ನು ಎದೆಗವಚಿಕೊಂಡು ಅವಳು ಜಗಲಿಗೆ ನಡೆದಳು.

೬
ಮುಳುಗಣ್ಣ ಸೂಟಿನ ಜಿಪ್ಪಿಗೆ ಮೇಣ ಸವರುತ್ತಿದ್ದ. ಅವಳು ಪುಟ ತೆರೆದಿಟ್ಟು ಎಲ್ಲವನ್ನೂ ಹೇಳಿದಳು. ಅವನು ತುಂಬಾ ಹೊತ್ತು ಹಾಳೆ ತಿರುವಿದ.

“ಇದರಲ್ಲಿ ನನ್ನ ಸೊನ್ನೆ ಯಾವುದು, ನಿಮ್ಮದು ಯಾವುದು?”

“ಗೊತ್ತಿಲ್ಲಣ್ಣ.”

“ನನಗೂ ನೆನಪಿಲ್ಲ. ಹಾಗಾದ್ರೆ ಆ ಮೂರು ವರ್ಷದ ಒಂದು ಸೊನ್ನೇನೂ ನಂಬೋ ಹಾಗಿಲ್ಲ.”

“ಬೈದುಬಿಡಿ.”

“ಯಾವ ಬಾಯಲ್ಲಿ ಬೈಲಿ ಅಕ್ಕ? ನೀವು ಹೊಸದಾಗಿ ಕಲಿತೋರು ಅಂತ ಕೆಳಗೆ ನೀರಲ್ಲಿ ಅಂಕಿಗಳನ್ನ ದಪ್ಪದಪ್ಪಗೆ ಬರೀತಿದ್ದೆ. ಒಂದೊಂದು ಅಂಕಿಗೆ ಎರಡುಸಿರು ಜಾಸ್ತಿ ಹಿಡೀತಿತ್ತು. ಮೇಲೆ ಬಂದು, ಅಡ್ಡಗೀಟು ಅಂದ್ರೆ ಹೀಗಕ್ಕ ಅಂತ ಹೇಳೋಕೆ ಒಂದುಸಿರು ಸಾಕಿತ್ತು. ಹೊಳೀಲೇ ಇಲ್ಲ ನೋಡಿ.”

“ನಿಮ್ಮ ಕೈಬರಹವೇ ಹಾಗೆ ಅಂದ್ಕೊಂಡಿದ್ದೆ.”

“ನನ್ನ ಕೈಬರಹ ನನ್ನ ಹೆಂಡತಿಗೇ ಅರ್ಥ ಆಗಲ್ಲ.”

ಅವಳು ನಗಲು ಹೋಗಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಇಪ್ಪತ್ತಮೂರು ವರ್ಷ ಬರೀ ಅಂಕಿ ಎಂದುಕೊಂಡು ಇಳಿಸಿದ್ದಳು. ಪ್ರತಿಯೊಂದರಲ್ಲೂ ಇನ್ನೊಬ್ಬರ ಉಸಿರಿತ್ತು. ಇಂಥ ಋಣಕ್ಕೆ ಥ್ಯಾಂಕ್ಸ್ ಅಂದರೆ ಸಣ್ಣದಾಗುತ್ತದೆ. ಮೇಣದ ಡಬ್ಬಿ ತೆಗೆದುಕೊಂಡು, ಉಳಿದರ್ಧ ಜಿಪ್ಪಿಗೆ ತಾನೇ ಸವರಿದಳು.

(ನನಗೂ ಯಾರೋ ದಪ್ಪಗೆ ಬರೆದುಕೊಟ್ಟಿದ್ದರು. ಮುಂದೆ ಹೋಗೋಣ.)

೭
ಇಬ್ಬರೂ ಮೇಡಂ ಬಳಿ ಹೋದರು. ಮೇಡಂ ಕೇಳಿ ಮುಗಿಸಿ, ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡರು. ಆಮೇಲೆ ಕೆಂಪು ಪೆನ್ನನ್ನು ಸ್ಲೇಟಮ್ಮನ ಮುಂದೆ ಇಟ್ಟರು.

“ನೀವೇ ತಿದ್ದಿ. ಹಳೇದು ಕಾಣೋ ಹಾಗೆ ಹೊಡೆದು, ಪಕ್ಕದಲ್ಲಿ ಗೀಟು, ನಿಮ್ಮ ಸಹಿ, ಇವತ್ತಿನ ತಾರೀಖು.”

“ಪೆನ್ನು ನನಗೇನಾ?”

“ಇನ್ಯಾರಿಗೆ? ತಪ್ಪು ಒಪ್ಪಿಕೊಂಡಿರೋ ಕೈ ಈ ಕೇಂದ್ರದಲ್ಲಿ ಇದೊಂದೇ.” ಮೇಡಂ ಕಿಟಕಿಯತ್ತ ನೋಡಿದರು. “ಹುಲ್ಲು ತಾನಾಗೇ ಬಂತು ಅನ್ನೋಕೆ ಇನ್ನು ಆಧಾರ ಇಲ್ಲ. ಆದ್ರೆ ತಪ್ಪಿರೋ ರಿಜಿಸ್ಟರು ಅಂತ ಅದನ್ನೇ ಹಿಡ್ಕೊಂಡು ನಿಲ್ಲಿಸಿದ್ರೂ ನಿಲ್ಲಿಸಬಹುದು. ನೋಡೋಣ.”

ನಲವತ್ತೊಂದು ಸೊನ್ನೆ. ನಲವತ್ತೊಂದು ಸಹಿ. ಒಂದನ್ನೂ ಅವಳು ಅವಸರದಲ್ಲಿ ಹಾಕಲಿಲ್ಲ.

೮
ನನ್ನ ಬಳಿ ಎರಡು ಕೊನೆಗಳಿವೆ. ಒಂದರಲ್ಲಿ ಎಣಿಕೆ ಉಳಿಯುತ್ತದೆ, ಮೇಲಿನವರು ಅವಳ ಕೈಕುಲುಕುತ್ತಾರೆ. ಇನ್ನೊಂದರಲ್ಲಿ ಬಚ್ಚಲಿಗೆ ಬೀಗ. ಎರಡನ್ನೂ ಅವಳೆದುರು ಇಟ್ಟೆ.

“ಮೀಟಿಂಗು ನಾಡಿದ್ದು ತಾನೇ?” ಎಂದಳು, ತೊಳೆದ ಸ್ಲೇಟನ್ನು ಮೊಳೆಗೆ ಹಾಕುತ್ತಾ. “ನೀವು ನೋಡಿ ಬಂದ್ರಾ?”

“ಇಲ್ಲ.”

“ಮತ್ತೆ?”

ಸರಿ. ಓದುಗರೇ, ಕೆಳಗಿನ ಸಾಲನ್ನು ಅವಳು ಹೇಳಿಕೊಟ್ಟಂತೆ ಬರೆದಿದ್ದೇನೆ. ಇದನ್ನು ಇಳಿಸಿಕೊಳ್ಳುವವರು ದಯವಿಟ್ಟು ಸೊನ್ನೆ ಮಾಡಬೇಡಿ.

ಮುಂದಿನ ತಿಂಗಳು, ಚೌಕ ಒಂದು: —