ರಾಟರ್‌ಡ್ಯಾಮಿಗೆ ಹೊರಟ ಯಂಕಮ್ಮ

ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಆ್ಯಕ್ಷನ್ ಮುಗಿದು ಐದು ವರ್ಷವಾಗಿತ್ತು. ನಾನು ಆಗ ಸುರಪುರದ ತಹಸೀಲ್ ಕಚೇರಿಯಲ್ಲಿ ಗುಮಾಸ್ತ. ನಿಜಾಮರ ಕಾಲದ ಉರ್ದು ಕಾಗದಗಳನ್ನು ಇಂಗ್ಲಿಷಿಗೆ ತಿರುಗಿಸುವುದೇ ನನ್ನ ಕೆಲಸವಾಗಿತ್ತು.

ಒಂದು ದಿನ ಯಂಕಮ್ಮ ಎಂಬ ಹೆಂಗಸು ತನ್ನ ಅತ್ತೆ ಮಲ್ಲಾಬಾಯಿಯ ಜೊತೆ ಬಂದು ದಪ್ಪನೆಯ ಲಕೋಟೆಯೊಂದನ್ನು ನನ್ನ ಮೇಜಿನ ಮೇಲಿಟ್ಟಳು. ಅವಳ ಗಂಡ ಹುಲಗಪ್ಪ ಕಳಿಸಿದ್ದು. ಮದುವೆಯಾದ ತಿಂಗಳಿಗೇ ಅವನು ನಿಜಾಮರ ಪರದ ರಜಾಕಾರ ಪಡೆಯ ಗಲಾಟೆಗೆ ಹೆದರಿ ಬೊಂಬಾಯಿಗೆ ಓಡಿಹೋಗಿ, ಹಡಗಿನ ಒಲೆಗೆ ಕಲ್ಲಿದ್ದಲು ತುಂಬುವ ಕೆಲಸ ಹಿಡಿದಿದ್ದ. ಹಾಲೆಂಡಿನ ರಾಟರ್‌ಡ್ಯಾಮ್ ಬಂದರಿನಲ್ಲಿ ಕಾಲು ಮುರಿದುಕೊಂಡು ಆಸ್ಪತ್ರೆ ಸೇರಿದಾಗ ಹಡಗು ಅವನನ್ನು ಬಿಟ್ಟು ಹೊರಟುಹೋಯಿತು. ಗುಣವಾದ ಮೇಲೆ ಅಲ್ಲೇ ಹಡಗು ರಿಪೇರಿಯ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು. ಆ ದೇಶದಲ್ಲಿ ಇರುವುದಕ್ಕೆ ಪರವಾನಗಿಯೂ ಸಿಕ್ಕಿತ್ತು. ಈಗ ಹೆಂಡತಿಯನ್ನು ಕರೆಸಿಕೊಳ್ಳಬೇಕೆಂದು ಬರೆದು, ವೀಸಾ ನಿಯಮಗಳ ಇಂಗ್ಲಿಷ್ ಕಾಗದಗಳನ್ನೂ ಜೊತೆಗಿಟ್ಟಿದ್ದ.

ಎಲ್ಲ ಓದಿ ಮುಗಿಸಿ ಹೇಳಿದೆ. "ನೋಡವಾ, ಮೂರು ದಾರಿ ಅದಾವ. ನೋಡಿ ಬರತೀನಂತ ಹೋದ್ರ ಮೂರೇ ತಿಂಗಳು ಇರಾಕ ಬಿಡ್ತಾರ. ಬೊಂಬಾಯಾಗ ಒಬ್ಬ ಡಚ್ ಎಂಜಿನೀರ ಅದಾನಂತ, ಅವರ ಮನಿಮಂದಿ ಊರಿಗೆ ಹೊಂಟಾರ. ಅವರ ಕೂಸು ನೋಡೋ ಆಯಾ ಅಂತ ಹೋದ್ರ ವೀಸಾ ಲಗೂ ಸಿಗತೈತಿ. ಹೆಂಡತಿ ಅಂತ ಹೋದ್ರ ಕಾಯಂ ಇರಬಹುದು. ಆದ್ರ ಮದುವಿಗೆ ಸಬೂತು ಬೇಕು. ಬರೆದಿಟ್ಟದ್ದು ಏನೂ ಇಲ್ಲಂದ್ರ, ಕಣ್ಣಾರೆ ನೋಡಿದ ಇಬ್ಬರು ಮ್ಯಾಜಿಸ್ಟ್ರೇಟರ ಮುಂದ ಆಣಿ ಮಾಡಬೇಕು. ಅವರು ನಿಮ್ಮ ಕಳ್ಳುಬಳ್ಳಿ ಆಗಿರಬಾರದು. ನನ್ನ ಕೇಳಿದ್ರ ಆಯಾ ಅಂತ ಹೋಗೋದು ಚಲೋ."

ಯಂಕಮ್ಮ ಲಕೋಟೆಯನ್ನು ನನ್ನ ಕಡೆಗೆ ಸರಿಸಿದಳು. "ಗಂಡನ ಮನಿಗೆ ಹೋಗಾಕ ನಾ ಯಾಕ ಸುಳ್ಳು ಹೇಳಬೇಕ್ರಿ? ಹೆಂಡತಿ ಅಂತನ ಹೋಗತೀನಿ."

"ವರ್ಷ ಹಿಡಿಬಹುದವಾ."

"ಐದು ವರ್ಷ ಕಾದೀನ್ರಿ."

ಮಲ್ಲಾಬಾಯಿ ಸೊಸೆಯ ಕಡೆ ನೋಡಿ ಹೌದೆಂದು ತಲೆಯಾಡಿಸಿದಳು.

ಆ ಗಲಾಟೆಯ ದಿನಗಳಲ್ಲಿ ಮದುವೆ ಹೊಲದ ಗುಡಿಸಲಿನಲ್ಲಿ ನಡೆದಿತ್ತು. ತಾಳಿ ಕಟ್ಟಿಸಿದ ಅಯ್ಯನವರು ತೀರಿಕೊಂಡಿದ್ದರು. ಸಂಬಂಧಿಕರಲ್ಲದವರು ಅಲ್ಲಿದ್ದದ್ದು ಇಬ್ಬರೇ, ನೆರೆಮನೆಯ ದೇವಕಮ್ಮ ಮತ್ತು ಬಳೆಗಾರ ಫಕ್ರುದ್ದೀನ. ದೇವಕಮ್ಮ ಮರುದಿನವೇ ಬಂದು ಹೇಳಿಕೆ ಕೊಟ್ಟಳು. ಫಕ್ರುದ್ದೀನ ಪೊಲೀಸ್ ಆ್ಯಕ್ಷನ್ ಆದ ವಾರದಲ್ಲೇ, ಮುಸಲ್ಮಾನರ ಮೇಲೆ ಸೇಡಿನ ಹಲ್ಲೆಗಳು ನಡೆದಾಗ, ಊರು ಬಿಟ್ಟಿದ್ದ. ಹೈದರಾಬಾದಿನಲ್ಲಿ ಚಾರ್‌ಮಿನಾರದ ಹತ್ತಿರ ಅಂಗಡಿ ಇಟ್ಟಿದ್ದಾನೆಂದು ಯಾರೋ ಹೇಳಿದರು.

"ಹುಡುಕೂಣ್ರಿ," ಎಂದಳು ಯಂಕಮ್ಮ. ನಾನು ರಜೆ ಹಾಕಿದೆ. ಅತ್ತೆ ಸೊಸೆಯರ ಜೊತೆ ಬಸ್ಸಿನಲ್ಲಿ ಯಾದಗಿರಿಗೆ ಹೋಗಿ ರೈಲು ಹತ್ತಿದೆ.

ಎರಡು ದಿನ ಬಳೆ ಅಂಗಡಿಗಳನ್ನು ಸುತ್ತಿದೆವು. ಮಲ್ಲಾಬಾಯಿಯ ಕಾಲು ಊದಿಕೊಂಡವು. ಕೊನೆಗೆ ಸಿಕ್ಕ ಫಕ್ರುದ್ದೀನ ನನ್ನ ಕೈಯಲ್ಲಿನ ಸರ್ಕಾರಿ ಕಾಗದ ಕಂಡು ಎದ್ದು ನಿಂತ.

"ನಾ ಯಾವ ಮದುವೀನೂ ನೋಡಿಲ್ರಿ. ಸುರಪುರದಾಗ ನನಗೇನೂ ಇಲ್ಲ. ಹೋಗ್ರಿ."

ನಾನು ವಾದಕ್ಕಿಳಿದೆ. ಯಂಕಮ್ಮ ತಡೆದಳು.

"ಬ್ಯಾಡ್ರಿ ಸಾಹೇಬ್ರ. ಚಾಚಾ ಹೆದರ್ಯಾರ. ಆ ಕಾಗದ ಚೀಲದಾಗ ಇಡ್ರಿ."

ಅಂಗಡಿಯ ಮೆಟ್ಟಿಲ ಮೇಲೆ ಕುಳಿತು ಅವಳು ಊರಿನ ಸುದ್ದಿ ಹೇಳತೊಡಗಿದಳು. ಫಕ್ರುದ್ದೀನನ ಮನೆ ಹಾಗೇ ಇದೆ, ಕೀಲಿ ದೇವಕಮ್ಮನ ಹತ್ತಿರ ಇದೆ, ವಾರಕ್ಕೊಮ್ಮೆ ಕಸ ಹೊಡೆಯುತ್ತಾಳೆ, ಹಿತ್ತಲ ನಿಂಬೆಗಿಡ ಈ ವರ್ಷ ಕಾಯಿ ಬಿಟ್ಟಿದೆ. ಒಳಗಿನಿಂದ ಫಕ್ರುದ್ದೀನನ ಹೆಂಡತಿ ಕುಬ್ರಾಬೇಗಂ ಬಂದಳು. ನಿಂಬೆಗಿಡದ ಮಾತು ಕೇಳಿ ಸೆರಗು ಬಾಯಿಗೆ ಒತ್ತಿಕೊಂಡಳು. ಸಾಕ್ಷಿಯ ಮಾತನ್ನು ಯಂಕಮ್ಮ ಮತ್ತೆ ಎತ್ತಲೇ ಇಲ್ಲ. ಚಹಾ ಕುಡಿದು, "ಬರತೀವ್ರಿ ಚಾಚಾ," ಎಂದು ಎದ್ದಳು.

"ನಿಂದರು," ಎಂದ ಫಕ್ರುದ್ದೀನ. "ಅವತ್ತು ಮಳಿ ಹೊಡಿಯಾಕತ್ತಿತ್ತು. ನಿಮ್ಮಪ್ಪ ಅಕ್ಷತಿ ತೊಯ್ಯಬಾರದಂತ ಗೋಣಿಚೀಲ ಹಿಡಕೊಂಡು ನಿಂತಿದ್ದ. ಹುಲಗಪ್ಪ ಕಟ್ಟಿದ ತಾಳಿ ಗಂಟು ಎರಡು ಸಲ ಬಿಚ್ಚಿತು. ನಾ ಎಲ್ಲಾ ನೋಡೀನವಾ." ಆಮೇಲೆ ಕೇಳಿದ, "ಕಚೇರಿಯಾಗ ನನ್ನ ಹೆಸರು ಕೇಳಿ ಏನರ ಅಂದ್ರ?"

"ನಾ ನಿಮ್ಮ ಮಗ್ಗಲದಾಗ ನಿಂದರತೀನ್ರಿ."

ಮರುದಿನ ಹೈದರಾಬಾದಿನ ಕಚೇರಿಯಲ್ಲಿ ಯಂಕಮ್ಮ ಹಾಗೆಯೇ ನಿಂತಳು. ಮ್ಯಾಜಿಸ್ಟ್ರೇಟರು ಹೆಂಗಸರಿಗೆ ಬೆಂಚು ತೋರಿಸಿದರೂ ಕೂರಲಿಲ್ಲ. ಫಕ್ರುದ್ದೀನ ಮೊದಲು ಪಿಸುಗುಟ್ಟಿದ. ಆಮೇಲೆ ಅವನ ದನಿ ಗಟ್ಟಿಯಾಯಿತು. ಮಳೆ, ಗೋಣಿಚೀಲ, ಬಿಚ್ಚಿದ ಗಂಟು, ಒಂದನ್ನೂ ಬಿಡದೆ ಹೇಳಿ ಉರ್ದುವಿನಲ್ಲಿ ರುಜು ಹಾಕಿದ. ನಾನು ಅಷ್ಟನ್ನೂ ಇಂಗ್ಲಿಷಿಗೆ ತಿರುಗಿಸಿದೆ. ಎಷ್ಟೋ ಸಾವಿರ ಕಾಗದ ತಿರುಗಿಸಿದ್ದೇನೆ; ಅವತ್ತಿನಷ್ಟು ಎಚ್ಚರದಿಂದ ಬರೆದದ್ದಿಲ್ಲ.

ವೀಸಾ ಬರಲು ಹನ್ನೊಂದು ತಿಂಗಳು ಹಿಡಿಯಿತು. ನಡುವೆ ಎರಡು ಸಲ ಕಾಗದ ಹಿಂದಕ್ಕೆ ಬಂತು. ಎರಡು ಸಲವೂ ಅವಳು ಬಂದು, "ಮತ್ತ ಏನು ಬೇಕಂತ್ರಿ?" ಎಂದು ಕೇಳಿದಳೇ ಹೊರತು ಗೊಣಗಲಿಲ್ಲ. ಆ ತಿಂಗಳುಗಳಲ್ಲಿ ಶಾಲೆಯ ಮಾಸ್ತರರ ಮನೆಗೆ ಹೋಗಿ ಓದುಬರಹ ಕಲಿತಳು.

ಯಾದಗಿರಿ ಸ್ಟೇಶನ್ನಿನಲ್ಲಿ ಅವಳು ಬೊಂಬಾಯಿಯ ರೈಲು ಹತ್ತುವಾಗ ನಾನು, "ಹೆದರಿಕಿ ಆಗತೈತೇನವಾ?" ಎಂದೆ.

"ಆಗತೈತ್ರಿ," ಎಂದು ನಕ್ಕಳು.

ಆರು ತಿಂಗಳಿಗೆ ಅವಳ ಕೈಬರಹದಲ್ಲೇ ಕಾಗದ ಬಂತು. ಅಕ್ಷರ ಸೊಟ್ಟಗಿದ್ದವು, ತಪ್ಪಿರಲಿಲ್ಲ. ಅಲ್ಲಿಯ ಪೊಲೀಸ್ ಕಚೇರಿಯಲ್ಲಿ ವಾಸದ ಪರವಾನಗಿ ಕೊಟ್ಟರಂತೆ. ಅಲ್ಲಿನ ದಾಖಲೆ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಹುಲಗಪ್ಪನ ಹೆಂಡತಿ ಎಂದು ಬರೆದಿದ್ದಾರಂತೆ. ಬಂದರಿನ ಹತ್ತಿರ ಎರಡು ಕೋಣೆಯ ಮನೆ. ಚಳಿ ಬಹಳ. ಜೋಳದ ಹಿಟ್ಟು ಸಿಗುವುದಿಲ್ಲ, ಗೋಧಿಯದ್ದನ್ನೇ ಬಡಿಯುತ್ತಿದ್ದೇನೆ, ಹುಲಗಪ್ಪ ಮೂರು ರೊಟ್ಟಿ ತಿನ್ನುತ್ತಾನೆ ಎಂದು ಬರೆದಿದ್ದಳು.