ಗೋಡೆ ಮೇಲಿನ ಎಂಬತ್ತೆರಡು

ಮರಳೂರಿನಲ್ಲಿ ಕುಣಿಗಲ್ ರಸ್ತೆಯ ಪಕ್ಕದ ತಗಡಿನ ಶೆಡ್ಡಿಗೆ ಹೊಸ ಕಾರೊಂದೂ ರಿಪೇರಿಗೆ ಬಾರದೆ ಐದು ತಿಂಗಳಾಗಿತ್ತು. ಟ್ರ್ಯಾಕ್ಟರು, ಟಿಲ್ಲರು, ಹಳೇ ಜೀಪು ಬರುತ್ತಿದ್ದವು. ಹೊಸ ಕಾರುಗಳು ಮಾತ್ರ ಶೆಡ್ಡಿನ ಮುಂದೆಯೇ ಹಾದು ರಿಂಗ್ ರೋಡಿನ ಗಾಜಿನ ಗೋಡೆಯ ವರ್ಕ್‌ಶಾಪಿಗೆ ಹೋಗುತ್ತಿದ್ದವು. ಶೆಡ್ಡಿನ ಮೇಸ್ತ್ರಿ ಲಕ್ಷ್ಮೀನರಸಿಂಹಯ್ಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಊರಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಗಾಡಿಯ ಕಾಯಿಲೆ ಹೇಳುವ ಮನುಷ್ಯ. ಮೂವತ್ತು ವರ್ಷ ಸುತ್ತಲ ಹಳ್ಳಿಗಳೆಲ್ಲ ಆ ಕಿವಿಯನ್ನು ನಂಬಿದ್ದವು. ಈಗ "ಹೊಸ ಗಾಡಿ ಅವನ ಕೈಲಿ ಆಗಲ್ಲ" ಎಂಬ ಮಾತು ಗುಬ್ಬಿಯವರೆಗೂ ಹೋಗಿದೆಯೆಂದು ಅವನಿಗೆ ಗೊತ್ತಿತ್ತು. ಯಾರಾದರೂ ಕೆಣಕಿದರೆ ನಕ್ಕು ಕೆಲಸಕ್ಕೆ ಬಗ್ಗುತ್ತಿದ್ದ.

ಮಗಳು ಯಶಸ್ವಿನಿ ಐಟಿಐ ಒಂದರಲ್ಲಿ ಮೋಟಾರು ಕೆಲಸ ಕಲಿಸುವ ಟೀಚರ್. ಯುಗಾದಿಗೆ ಅಪ್ಪನಿಗೆ ಅಂಗಿ ತರುವ ಬದಲು ಗಾಡಿಯ ಕಂಪ್ಯೂಟರಿನ ಅಂಕಿಗಳನ್ನು ಓದಿ ತೋರಿಸುವ ಒಂದು ಸ್ಕ್ಯಾನರ್ ತಂದುಕೊಟ್ಟಳು. "ಈಗಿನ ಗಾಡಿ ಇದ್ರಲ್ಲಿ ಮಾತಾಡ್ತವೆ ಕಣಪ್ಪ. ನಿನ್ ಕಿವಿಗೆ ಇದೊಂದು ಕನ್ನಡಕ ಅನ್ಕೋ" ಎಂದಳು. ಕಿವಿಗೆಂಥ ಕನ್ನಡಕ ಎಂದು ಮೇಸ್ತ್ರಿ ಒಂದು ವಾರ ಮುನಿಸಿಕೊಂಡ. ಆಮೇಲೆ ಯಾರೂ ನೋಡದಾಗ ಅದನ್ನು ಎದುರಂಗಡಿ ಕದರಯ್ಯನ ಕಾರಿಗೆ ಸಿಕ್ಕಿಸಿ ಬೈಪಾಸ್ ಸೇತುವೆಯ ಏರು ಹತ್ತಿಸಿದ. ಆರೋಗ್ಯವಾಗಿರುವ ಗಾಡಿ ಹೇಗಿರುತ್ತದೆಂದು ತಿಳಿಯದವನು ರೋಗದ ಗಾಡಿ ನೋಡಿ ಏನು ಹೇಳಿಯಾನು ಎಂಬುದು ಅವನ ಹಳೆಯ ಹಟ. ಬಂದ ಅಂಕಿಗಳನ್ನೆಲ್ಲ ಶೆಡ್ಡಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟ. ಅದರಲ್ಲಿ ಒಂದು ಸಾಲು: ಇಂಜಿನ್ ಎಳೆದುಕೊಳ್ಳುವ ಗಾಳಿ, ಮೂರನೇ ಗೇರ್, ಪೂರ್ತಿ ಒತ್ತಿದಾಗ, ಸೆಕೆಂಡಿಗೆ ಎಂಬತ್ತೆರಡು ಗ್ರಾಂ.

ಡಿಸೆಂಬರಿನ ಒಂದು ಬೆಳಿಗ್ಗೆ ನಿಟ್ಟೂರಿನ ಚಿಕ್ಕರಂಗಯ್ಯ ಬಂದ. ಟ್ರ್ಯಾಕ್ಟರಿಗೆ ಫ್ಯಾನ್ ಬೆಲ್ಟ್ ಬೇಕಿತ್ತು, ಅಷ್ಟೇ. ಆದರೆ ಅವನು ಬಂದಿದ್ದ ಕಾರು ಕದರಯ್ಯನ ಕಾರಿನ ತದ್ರೂಪು, ಅದೇ ಡೀಸೆಲ್ ಇಂಜಿನ್. ಅದು ಶೆಡ್ಡಿನ ಮುಂದಿನ ಸಣ್ಣ ದಿಬ್ಬ ಹತ್ತಲೂ ಏದುಸಿರು ಬಿಡುತ್ತಿತ್ತು.

"ಏನಯ್ಯ ರಂಗಯ್ಯ, ಗಾಡಿಗೆ ಏನಾಯ್ತು?"

"ಎರಡ್ ತಿಂಗ್ಳಿಂದ ಎಳೀತಾನೇ ಇಲ್ಲ ಕಣಯ್ಯ. ದೇವರಾಯನದುರ್ಗದ ಏರಲ್ಲಿ ಭಾರ ಆಯ್ತದೆ ಅಂತ ನಮ್ಮೋಳ್ನ ಇಳ್ಸಿ ನಡೆಸ್ದೆ. ಅವ್ಳು ನನ್ ಕಾರ್‌ಗಿಂತ ಮುಂಚೆ ಮ್ಯಾಲಕ್ಕೋಗಿ ನಿಂತವ್ಳೆ!" ಚಿಕ್ಕರಂಗಯ್ಯ ನಗಲು ನೋಡಿದ, ನಗು ಬರಲಿಲ್ಲ. "ರಿಂಗ್ ರೋಡ್‌ನೋರು ಟರ್ಬೋ ಹೋಗ್ಬುಟ್ಟದೆ, ಇಂಜಿನ್ ಇಳ್ಸಿ ಬಿಚ್‌ಬೇಕು ಅಂದವ್ರೆ. ಈಗ ಅಲ್ಲಿಗೇ ಬುಡೋಕೆ ಹೊಂಟಿವ್ನಿ."

"ನನಗೊಂದ್ಸಲ ತೋರ್ಸ್‌ಬಾರ್ದಾಗಿತ್ತಾ?"

ಚಿಕ್ಕರಂಗಯ್ಯ ನೆಲ ನೋಡಿದ. "ನಿನ್ ಕೈಲಿ ಆಗಲ್ಲ ಅಂತಾರಲ್ಲಪ್ಪ ಎಲ್ರೂವೆ."

ಊರವರ ಮಾತಿಗೆ ನಗುತ್ತಿದ್ದವನಿಗೆ ಮೂವತ್ತು ವರ್ಷದ ಗೆಳೆಯನ ಮಾತು ಚುಚ್ಚಿತು. ಈ ಕಾರು ಇಲ್ಲಿಂದ ಆ ವರ್ಕ್‌ಶಾಪಿಗೆ ಹೋಯಿತೆಂದರೆ ತನ್ನ ಕಥೆ ಮುಗಿಯಿತು ಎಂದು ಮೇಸ್ತ್ರಿಗೆ ಅನ್ನಿಸಿತು. "ಹನ್ನೆರಡು ಗಂಟೆವರ್ಗೂ ಬುಡು. ಆಗ್ಲಿಲ್ಲ ಅಂದ್ರೆ ನಾನೇ ಅಲ್ಲಿಗೆ ತಂದ್ ಬುಟ್‌ಬರ್ತೀನಿ" ಎಂದು ಸ್ಕ್ಯಾನರ್ ಎತ್ತಿಕೊಂಡು ಕಾರು ಹತ್ತಿ ಕೂತ.

ಚಿಕ್ಕರಂಗಯ್ಯನೇ ಓಡಿಸಿದ. ಅದೇ ಬೈಪಾಸ್ ಸೇತುವೆ, ಅದೇ ಏರು, ಮೂರನೇ ಗೇರ್. "ಒತ್ತು, ಪೂರ್ತಿ ಒತ್ತು!" ಎಂದ ಮೇಸ್ತ್ರಿ. ತೊಡೆಯ ಮೇಲಿನ ಯಂತ್ರದಲ್ಲಿ ಗಾಳಿಯ ಅಂಕಿ ಇಪ್ಪತ್ತು, ಮೂವತ್ತು, ಮೂವತ್ತೊಂಬತ್ತಕ್ಕೆ ಹೋಗಿ ನಿಂತುಬಿಟ್ಟಿತು. ಎಂಬತ್ತೆರಡು ಇರಬೇಕಾದ ಕಡೆ ಮೂವತ್ತೊಂಬತ್ತು. ಹಿಂದಿನಿಂದ ಬಂದ ತೆಂಗಿನಕಾಯಿ ಲಾರಿ ಹಾರ್ನ್ ಬಾರಿಸಿ ಇವರನ್ನು ದಾಟಿಕೊಂಡು ಹೋಯಿತು.

"ನೋಡ್ದಾ? ಗಾಳಿನೇ ಬರ್ತಿಲ್ಲ. ಟರ್ಬೋನೇ" ಎಂದ ಚಿಕ್ಕರಂಗಯ್ಯ.

ಮೇಸ್ತ್ರಿ ಯಂತ್ರವನ್ನು ಪಕ್ಕಕ್ಕಿಟ್ಟ. ಕಿಟಕಿ ಇಳಿಸಿ, ತಲೆ ಹೊರಗೆ ಹಾಕಿ, ಕಣ್ಣು ಮುಚ್ಚಿದ. ಟರ್ಬೋ ಎಂದರೆ ಇಂಜಿನ್ನಿಗೆ ಗಾಳಿ ತುಂಬುವ ಚಕ್ರ. ಕೆಟ್ಟಿದ್ದರೆ ಕಿರುಗುಟ್ಟಬೇಕು. ಇದು ಸಣ್ಣಗೆ, ಸ್ವಚ್ಛವಾಗಿ ಸಿಳ್ಳೆ ಹಾಕುತ್ತಿತ್ತು. ಗಾಳಿ ಧಾರಾಳವಾಗಿ ಬರುತ್ತಿದೆ ಎಂದು ಕಿವಿ ಹೇಳುತ್ತಿದೆ, ಬರುತ್ತಿಲ್ಲ ಎಂದು ಯಂತ್ರ ಹೇಳುತ್ತಿದೆ. ಎರಡರಲ್ಲಿ ಒಂದು ಸುಳ್ಳು ಹೇಳುತ್ತಿರಬೇಕು. ಮೂವತ್ತು ವರ್ಷ ಅನ್ನ ಹಾಕಿದ ಕಿವಿಯನ್ನು ಅನುಮಾನಿಸಲು ಅವನಿಗೆ ಮನಸ್ಸಾಗಲಿಲ್ಲ.

"ನಿಲ್ಸು" ಎಂದ.

ಬಾನೆಟ್ ಎತ್ತಿ, ಗಾಳಿ ಅಳೆಯುವ ಸೆನ್ಸರಿನ ಪ್ಲಗ್ಗನ್ನೇ ಕಿತ್ತುಬಿಟ್ಟ. ಕಾರಿನೊಳಗೆ ಎಚ್ಚರಿಕೆಯ ಹಳದಿ ದೀಪ ಹತ್ತಿಕೊಂಡಿತು.

"ಅಯ್ಯೋ, ಏನಯ್ಯ ಮಾಡ್ದೆ?"

"ಸುಳ್ಳುಗಾರನ ಬಾಯಿ ಮುಚ್ಚಿಸ್ದೆ. ಇನ್ನು ಕಂಪ್ಯೂಟರು ಅಂದಾಜಿನ ಮೇಲೆ ಡೀಸೆಲ್ ಕೊಡ್ತದೆ. ವಾಪಸ್ ತಿರುಗ್ಸಿ, ಮತ್ತೆ ಹತ್ಸು."

ಎರಡನೇ ಸಲ ಒತ್ತಿದಾಗ ಕಾರು ಇಬ್ಬರನ್ನೂ ಸೀಟಿಗೆ ಅಂಟಿಸಿ ಮೇಲಕ್ಕೆ ನುಗ್ಗಿತು! ಸೇತುವೆಯ ನೆತ್ತಿಯಲ್ಲಿ ಇನ್ನೊಂದು ಕಾಯಿ ಲಾರಿ ಸಿಕ್ಕಿತು. ಚಿಕ್ಕರಂಗಯ್ಯ ಬೇಕೆಂದೇ ಉದ್ದಕ್ಕೆ ಹಾರ್ನ್ ಒತ್ತಿ ಅದನ್ನು ಹಿಂದೆ ಹಾಕಿದ. ಅರವತ್ತು ದಾಟಿದ ಇಬ್ಬರೂ ಜೋರಾಗಿ ಕೂಗಿಕೊಂಡರು.

ಶೆಡ್ಡಿಗೆ ಬಂದು ಮೇಸ್ತ್ರಿ ಸೆನ್ಸರನ್ನು ಬಿಚ್ಚಿ ಬೆಳಕಿಗೆ ಹಿಡಿದ. ಒಳಗೆ ಕೂದಲಿನಂಥ ತಂತಿ. ಅದು ಸದಾ ಬಿಸಿ ಇರುತ್ತದೆ. ಹಾಯುವ ಗಾಳಿಗೆ ಎಷ್ಟು ತಣ್ಣಗಾಯಿತೋ ಅದರ ಮೇಲೆ ಗಾಳಿಯ ಲೆಕ್ಕ, ಆ ಗಾಳಿಗೆ ತಕ್ಕಂತೆ ಡೀಸೆಲ್. ಈ ತಂತಿಗೆ ಜಿಡ್ಡು ಕಟ್ಟಿತ್ತು. ಕಂಬಳಿ ಹೊದ್ದು ಮಲಗಿದವನಿಗೆ ಗಾಳಿ ಬೀಸಿದ್ದು ಹೇಗೆ ತಿಳಿಯಬೇಕು? ಅವನು ಗಾಳಿ ಸೋಸುವ ಕಾಗದದ ಫಿಲ್ಟರನ್ನೂ ಹೊರತೆಗೆದು ಮೂಗಿನ ಹತ್ತಿರ ಹಿಡಿದ. ಎಣ್ಣೆ ಹಚ್ಚಿ ಬಾಚಿದ ತಲೆಯ ವಾಸನೆ.

"ರಂಗಯ್ಯ, ಇದಕ್ಕೆ ಕೊಬ್ಬರಿ ಎಣ್ಣೆ ಹಾಕಿದೀಯಾ?"

"ಹೂಂ. ಆಯುಧಪೂಜೆ ದಿನ ಒಂದ್ ಲೋಟ ಹುಯ್ದೆ." ಚಿಕ್ಕರಂಗಯ್ಯನ ದನಿಯಲ್ಲಿ ಹೆಮ್ಮೆಯಿತ್ತು. "ಹೊಸ ಕಾರಿಗೆ ಇಂಜಿನ್ ಎಣ್ಣೆ ಯಾಕೆ ಅಂತ ಮನೆ ಗಾಣದ್ದೇ ಹಾಕ್ದೆ."

"ಇಂಥ ಬುದ್ಧಿ ಯಾರಯ್ಯ ಹೇಳ್ಕೊಟ್ಟೋರು?"

"ಇನ್ಯಾರು? ನೀನೇ! ನನ್ ಟ್ರ್ಯಾಕ್ಟರ್ ತಂದ ವರ್ಷ, ಗಾಳಿ ಡಬ್ಬಕ್ಕೆ ಎಣ್ಣೆ ಇಲ್ದಿದ್ರೆ ಧೂಳು ಒಳೀಕ್ ಹೋಯ್ತದೆ, ವರ್ಷಕ್ಕೊಂದ್ಸಲ ಮರೀದೆ ಹಾಕು ಅಂತ ಕಿವಿ ಹಿಂಡಿ ಹೇಳಿದ್ದೆ. ಒಂದ್ ವರ್ಷನೂ ಮರ್ತಿಲ್ಲ ಕಣಯ್ಯ."

ನಿಜ. ಹಳೇ ಟ್ರ್ಯಾಕ್ಟರಿನ ಡಬ್ಬದಲ್ಲಿ ಧೂಳು ಹಿಡಿಯುವುದೇ ಎಣ್ಣೆ. ಕಾರಿನ ಕಾಗದದ ಫಿಲ್ಟರಿಗೆ ಹುಯ್ದರೆ ಅದು ಗಾಳಿಯ ಜೊತೆ ಹೋಗಿ ತಂತಿಗೆ ಮೆತ್ತಿಕೊಳ್ಳುತ್ತದೆ. ಬೇಡವೆಂದು ಮೇಸ್ತ್ರಿ ಯಾವತ್ತೂ ಹೇಳಿರಲಿಲ್ಲ, ಕಾಗದದ ಫಿಲ್ಟರಿನ ಕಾಲ ಬಂದಮೇಲೂ. ಮರೆಮಾಚಬಹುದಿತ್ತು. ಮನಸ್ಸು ಬರಲಿಲ್ಲ.

"ಹಾಗಾದ್ರೆ ತಪ್ಪು ನಂದೇ. ಕಾಯ್ಲೆ ಕೊಟ್ಟೋನೂ ನಾನೇ, ಹಿಡಿದೋನೂ ನಾನೇ" ಎಂದ. ಚಿಕ್ಕರಂಗಯ್ಯ ಬೆನ್ನಿಗೆ ಒಂದು ಗುದ್ದು ಕೊಟ್ಟು ನಕ್ಕ.

ಮಗಳು ತಂದಿಟ್ಟಿದ್ದ ಸ್ಪ್ರೇಯಿಂದ ತಂತಿಯನ್ನು ಮುಟ್ಟದೆ ತೊಳೆದು, ಕೊಳವೆಯ ಜಿಡ್ಡು ಒರೆಸಿ, ಹೊಸ ಫಿಲ್ಟರ್ ಕೂರಿಸಿ, ಪ್ಲಗ್ ಸಿಕ್ಕಿಸಿ, ಸ್ಕ್ಯಾನರಿನಿಂದ ಹಳದಿ ದೀಪ ಆರಿಸಿ ಮೂರನೇ ಸಲ ಏರು ಹತ್ತಿಸಿದರು. ಅಂಕಿ ಎಪ್ಪತ್ತು ದಾಟಿತು, ಎಂಬತ್ತು ದಾಟಿತು, ಎಂಬತ್ತೆರಡಕ್ಕೆ ನಿಂತಿತು. ಮೇಸ್ತ್ರಿಯ ಕಣ್ಣಲ್ಲಿ ನೀರು ಬಂತು. ಅವನು ಅದನ್ನು ಒರೆಸಿಕೊಳ್ಳಲೂ ಇಲ್ಲ.

ಹನ್ನೆರಡಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಚಿಕ್ಕರಂಗಯ್ಯ ರಸ್ತೆಯಲ್ಲೇ ನಿಂತು ವರ್ಕ್‌ಶಾಪಿಗೆ ಫೋನ್ ಮಾಡಿ, ಇಡೀ ಮರಳೂರಿಗೆ ಕೇಳುವಂತೆ ಹೇಳಿದ: "ಇಂಜಿನ್ ಬಿಚ್ಚೋದು ಬ್ಯಾಡ ಕಣಪ್ಪ! ನೀವು ಇಲಿ ಹಿಡಿಯೋಕೆ ಬೆಟ್ಟ ಅಗೀತಿದ್ರಿ. ನಮ್ ಮೇಸ್ತ್ರಿ ಇಲೀನ ಬಾಲ ಹಿಡ್ದು ಎತ್ತವ್ನೆ!"

ಮಾರನೆಯ ಬೆಳಿಗ್ಗೆ ಮೇಸ್ತ್ರಿ ಬೀಗ ತೆಗೆಯಲು ಬಂದರೆ ಶೆಡ್ಡಿನ ಮುಂದೆ ನಾಲ್ಕು ಹೊಸ ಕಾರು ಸಾಲಾಗಿ ನಿಂತಿದ್ದವು. ಮೊದಲ ಕಾರಿಗೆ ಒರಗಿ ನಿಂತಿದ್ದ ಚಿಕ್ಕರಂಗಯ್ಯನ ಮುಖ ಸಣ್ಣಗಾಗಿತ್ತು.

"ಎಲ್ಲಾ ನಮ್ಮೂರೋವೇ ಕಣಯ್ಯ. ಒಂದೂ ಎಳೀತಿಲ್ಲ."

"ಯಾಕಂತೆ?"

"ಅದೇ... ಆಯುಧಪೂಜೆ ದಿನ ನಾನೇ ಎಲ್ರಿಗೂ ಹೇಳ್ಕೊಟ್ಟಿದ್ದೆ. ನಮ್ ಮೇಸ್ತ್ರಿ ಹೇಳಿರೋದು, ತಪ್ಪಾಗಾಕಿಲ್ಲ, ಹುಯ್ಯಿರ್ಲಾ ಅಂತ."

ಮೇಸ್ತ್ರಿ ಮೊದಲ ಕಾರಿನ ಬಾನೆಟ್ ಎತ್ತಿದ. ಕೊಬ್ಬರಿ ಎಣ್ಣೆ ಘಮ್ಮೆಂದಿತು. ಅವನು ನಗು ತಡೆಯಲಾರದೆ ಬಂಪರಿನ ಮೇಲೆ ಕೂತು ಮಗಳಿಗೆ ಫೋನ್ ಮಾಡಿದ.

"ಮಗಾ, ಸಂಜೆ ಬರ್ತಾ ಆ ಸ್ಪ್ರೇ ಇನ್ನೂ ನಾಲ್ಕು ಡಬ್ಬ ತಗೊಂಡ್ ಬಾ. ಹೊಸ ಕಾರು ಬಂದವೆ."