ಸುಮ್ಮನಿದ್ದವರ ಒಪ್ಪಿಗೆ

"ಚಪ್ಪಲಿ ಬಿಚ್ಚಿಸು ಇವರದ್ದು. ಗುಡ್ಡದ ಜನ ಕಾಲಿಗೆ ರಬ್ಬರ್ ಹಾಕ್ಕೊಂಡು ನಿಂತ್ರೆ ಫೋಟೋ ನೋಡಿದೋರು ಏನಂದ್ಕೋತಾರೆ?"

ಹೇಳಿದವನು ಸಂಸ್ಥೆಯ ಯಜಮಾನ. ಗುಡ್ಡದವರಿಗೆ ನ್ಯಾಯ ಕೊಡಿಸುವುದೇ ಆ ಸಂಸ್ಥೆಯ ಕೆಲಸ. ಅಲ್ಲಿ ಎಲ್ಲರೂ ಅವನನ್ನು ಅಣ್ಣ ಎಂದೇ ಕರೆಯಬೇಕು. ಸಾರ್ ಅಂದರೆ ಅವನಿಗೆ ಸಿಟ್ಟು.

ಹೇಳಿಸಿಕೊಂಡವಳು ಗುಡ್ಡದ ಒಂದು ಮನೆಯ ಸೊಸೆ. ಪೇಟೆಯ ಮಾತೂ ಬರುತ್ತದೆಂದು ಸಂಸ್ಥೆ ಅವಳನ್ನು ದುಭಾಷಿಯಾಗಿ ಇಟ್ಟುಕೊಂಡಿತ್ತು. ಗುಡ್ಡದವರು ಎರಡು ನಾಲಿಗೆಯವಳು ಎಂದು ರೇಗಿಸುತ್ತಿದ್ದರು. ಗಂಡ ಮರದಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಮನೆಯ ಒಲೆ ಉರಿಯುತ್ತಿದ್ದುದು ಆ ಎರಡನೇ ನಾಲಿಗೆಯಿಂದಲೇ.

ಅವಳು ಅಣ್ಣನ ಮಾತನ್ನು ದಾಟಿಸಿದಳು. ಸಾಲಾಗಿ ನಿಂತಿದ್ದವರು ಚಪ್ಪಲಿ ಬಿಚ್ಚಿದರು. ಸಂಸ್ಥೆಯ ಜೀಪಿನ ಡ್ರೈವರ್ ಮೂಗು ಮುಚ್ಚಿಕೊಂಡು ಅವನ್ನೆಲ್ಲ ಗೋಣಿಚೀಲಕ್ಕೆ ತುಂಬಿದ.

"ಥೂ, ದರಿದ್ರದವು. ಏನೇನು ತುಳ್ಕೊಂಡು ಬರ್ತಾವೋ."

ಇದನ್ನು ಅವಳು ದಾಟಿಸಲಿಲ್ಲ.

ಸಂಸ್ಥೆಯ ಸಭಾಂಗಣದಲ್ಲಿ ಇವತ್ತು ದೊಡ್ಡ ಸಮಾರಂಭ. ಅರಣ್ಯ ಇಲಾಖೆಯಿಂದ ಕಾಡಿನ ಸಾಹೇಬ ಬಂದಿದ್ದ, ಸಂಸ್ಥೆಗೆ ದುಡ್ಡು ಕೊಡುವ ದೂರದ ಅತಿಥಿಗಳೂ ಬಂದಿದ್ದರು. ಗುಡ್ಡದ ಸುತ್ತ ಮುಳ್ಳುತಂತಿ ಬೀಳುತ್ತದೆ, ಗುಡ್ಡದವರು ಹೆದ್ದಾರಿ ಪಕ್ಕದ ತಗಡಿನ ಮನೆಗಳಿಗೆ ಇಳಿಯುತ್ತಾರೆ. ಜಗಳವಿಲ್ಲದೆ, ಗುಂಡಿಲ್ಲದೆ, ಜನರ ಪೂರ್ಣ ಒಪ್ಪಿಗೆಯಿಂದ ಇದು ಆಯಿತು ಎಂದು ಸಾರುವುದಕ್ಕೆ ಈ ಸಮಾರಂಭ.

ಒಪ್ಪಿಗೆ ಸಿಕ್ಕಿದ ಬಗೆ ಹೀಗೆ. ಗುಡ್ಡದಲ್ಲಿ ಏನಾದರೂ ಒಪ್ಪುವುದಾದರೆ ಹಿರಿಯರಿಂದ ಹಿಡಿದು ಆಗತಾನೆ ಮಾತು ಕಲಿತ ಕೂಸಿನವರೆಗೆ ಒಬ್ಬೊಬ್ಬರೂ ಬಾಯಿಬಿಟ್ಟು ಹೂಂ ಅನ್ನಬೇಕು. ಪಕ್ಕದ ಹಟ್ಟಿಯವರಿಗೆ ಒಂದು ಮಡಕೆ ಕಡ ಕೊಡುವುದಕ್ಕೂ ಇದೇ ಕ್ರಮ. ಬೇಡವಾದರೆ ತಲೆ ತಗ್ಗಿಸಿ ಸುಮ್ಮನೆ ಕೂರಬೇಕು, ಬಂದವರು ಎದ್ದು ಹೋಗುವವರೆಗೆ. ಬಂದವರ ಮುಖ ನೋಡಿ ಇಲ್ಲ ಅನ್ನುವುದೂ ಉಗಿಯುವುದೂ ಅವರಿಗೆ ಒಂದೇ.

ಹೋದ ತಿಂಗಳು ಅಣ್ಣ ಗುಡ್ಡ ಹತ್ತಿ ಬಂದು ಬಂಡೆಯ ಮೇಲೆ ಕುಳಿತು ತಗಡಿನ ಮನೆಯ ಸುಖವನ್ನೆಲ್ಲ ಬಣ್ಣಿಸಿದ್ದ. ಒಪ್ಪಿಗೆಯಾ ಎಂದು ಮತ್ತೆ ಮತ್ತೆ ಕೇಳಿದ. ಒಬ್ಬರೂ ತಲೆ ಎತ್ತಲಿಲ್ಲ. ಅಣ್ಣನ ಕಣ್ಣು ಒದ್ದೆಯಾಯಿತು.

"ನನ್ನ ಮೇಲೆ ಎಷ್ಟು ನಂಬಿಕೆ ನೋಡು," ಅಂದ, ಜೀಪಿನಲ್ಲಿ ಇಳಿದು ಬರುವಾಗ.

"ಅಣ್ಣ, ಅವರು ಬೇಡ ಅಂದ್ರು."

"ಯಾರು ಅಂದ್ರು? ಯಾವಾಗ?"

"ಸುಮ್ಮನೆ ಕೂತಿದ್ರಲ್ಲ, ಅದೇ."

ಅಣ್ಣ ಮನಸಾರೆ ನಕ್ಕ. "ಬೇಡ ಅನ್ನೋರು ಬೇಡ ಅಂತಾರೆ ಕಣಮ್ಮ. ನಾನೇನು ಅವರ ಬಾಯಿಗೆ ಬಟ್ಟೆ ತುರುಕಿದ್ನಾ? ಮಾತು ದಾಟಿಸೋದಷ್ಟೇ ನಿನ್ನ ಕೆಲಸ. ಅವರು ಮಾತೇ ಆಡದಿದ್ರೆ ನಿನಗೇನು ಕೆಲಸ?" ಅವಳು ಎರಡನೇ ಸಲ ಆ ಮಾತು ಎತ್ತಿದಾಗ ಅವನು ನಗಲಿಲ್ಲ. ಇನ್ನೊಂದು ಸಲ ಇದೇ ರಾಗ ತೆಗೆದರೆ ಮಾರನೇ ದಿನದಿಂದ ಬರಬೇಡ ಅಂದ. ಅವಳು ಬಾಯಿಗೆ ಬೀಗ ಹಾಕಿಕೊಂಡಳು.

ಸಮಾರಂಭ ಶುರುವಾಗುವ ಮುಂಚೆ ಸಭಾಂಗಣದ ಹಿಂದಿನ ನಲ್ಲಿಯಲ್ಲಿ ಅತ್ತೆ ಕಾಲು ತೊಳೆಯುತ್ತಿದ್ದಳು. ಗುಡ್ಡಕ್ಕೆಲ್ಲ ಹಿರಿಯಳು ಅವಳೇ.

"ಇವತ್ತು ಯಾಕೇ ಕರೆಸಿದ್ದಾರೆ? ಅವತ್ತೇ ಬೇಡ ಅಂತ ಕಳಿಸಿದ್ವಲ್ಲ."

"ಅತ್ತೆ, ಇವರಲ್ಲಿ ಸುಮ್ಮನಿದ್ರೆ ಹೂಂ ಅಂತ ಅರ್ಥ."

ಸೊಸೆ ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡಳು ಮುದುಕಿ. "ಹಾಗಾದ್ರೆ ಇವರಲ್ಲಿ ಸತ್ತೋರೆಲ್ಲ ಎಲ್ಲದಕ್ಕೂ ಒಪ್ಕೊಂಡಿದ್ದಾರೆ ಅನ್ನು," ಎಂದು ನಕ್ಕಳು. ಸೊಸೆ ನಗದಿರುವುದನ್ನು ಕಂಡು ನಲ್ಲಿ ನಿಲ್ಲಿಸಿದಳು.

"ನಿನ್ನ ಮಾವ ಮಲಗಿರೋದು ಗುಡ್ಡದ ಮಣ್ಣಲ್ಲೇ ಕಣೇ. ತಂತಿ ಹಾಕಿದ್ಮೇಲೆ ನನ್ನನ್ನ ಅವನ ಪಕ್ಕ ಹೂಳೋಕೆ ಬಿಡ್ತಾರಾ?"

"ಇಲ್ಲ."

"ಮತ್ತೆ ಇವರಲ್ಲಿ ಬೇಡ ಅನ್ನೋದು ಹೇಗೆ?"

"ಬಾಯಿಬಿಟ್ಟು ಹೇಳ್ಬೇಕು. ಮುಖ ನೋಡಿ."

"ಥೂ. ಬಂದೋರ ಮುಖಕ್ಕಾ?" ಮುದುಕಿಯ ಮುಖ ಹುಳ್ಳಗಾಯಿತು. ಸೆರಗಿನಿಂದ ಕಾಲು ಒರೆಸಿದಳು, ಒರೆಸಿದ ಕಾಲನ್ನೇ ಮತ್ತೆ ಒರೆಸಿದಳು. "ಸರಿ, ಹೇಳ್ಕೊಡು."

ಸೊಸೆಯ ಕಣ್ಣಮುಂದೆ ಮಲಗಿದಲ್ಲೇ ಇರುವ ಗಂಡ ಬಂದ, ತಣ್ಣಗಿನ ಒಲೆ ಬಂತು. ಹೆದರಿಕೆಯಾಯಿತು. ಆದರೂ ಅತ್ತೆಯ ಕಿವಿಯಲ್ಲಿ ಪೇಟೆಯ ಮಾತಿನ ಒಂದೇ ಒಂದು ಪದ ಹೇಳಿದಳು. ಮುದುಕಿ ಅದನ್ನು ಗುಟ್ಟಾಗಿ ಅಗಿಯುತ್ತ ಒಳಗೆ ಹೋದಳು.

ವೇದಿಕೆಯ ಮೇಲೆ ಅಣ್ಣ ಮೈಕ್ ಹಿಡಿದ. "ನಿಮ್ಮೆಲ್ಲರ ಒಪ್ಪಿಗೆ ತಾನೇ?" ಸೊಸೆ ದಾಟಿಸಿದಳು. ಜನ ತಲೆ ತಗ್ಗಿಸಿದರು. ಅಣ್ಣ ಅತಿಥಿಗಳ ಕಡೆ ತಿರುಗಿ ಕೈ ಮುಗಿದ, ಚಪ್ಪಾಳೆ ಬಿತ್ತು. ಕಾಡಿನ ಸಾಹೇಬ ಪಕ್ಕದವನ ಕಿವಿಯಲ್ಲಿ, "ಈ ಕಾಡುಮುಂಡೇವು ಇಷ್ಟು ಸಾಧು ಅಂತ ಗೊತ್ತಿದ್ರೆ ಹೋದ ವರ್ಷವೇ ಎಬ್ಬಿಸ್ತಿದ್ದೆ," ಅಂದದ್ದು ಸೊಸೆಗೂ ಕೇಳಿಸಿತು.

ಹಿರಿಯಳಿಂದ ಎರಡು ಮಾತು ಎಂದು ಅತ್ತೆಯ ಕೈಗೆ ಮೈಕ್ ಕೊಟ್ಟರು. ಸೊಸೆ ಪಕ್ಕದಲ್ಲಿ ನಿಂತಳು. ಮುದುಕಿ ತಲೆ ಎತ್ತಿ ಅಣ್ಣನನ್ನು ನೋಡಿದಳು. ನಾಚಿಕೆಯಿಂದ ಅವಳ ಗಲ್ಲ ಅದುರುತ್ತಿತ್ತು.

"ಬಿಡಲ್ಲ."

ಅಣ್ಣನ ನಗು ಹಾಗೇ ಇತ್ತು. "ಏನಂತೆ?"

"ನಿಮ್ಮ ಮಾತಲ್ಲೇ ಹೇಳಿದ್ದಾರೆ ಅಣ್ಣ," ಅಂದಳು ಸೊಸೆ. "ದಾಟಿಸೋಕೆ ಏನೂ ಇಲ್ಲ."

ಕೆಳಗೆ ಸಾಲಿನ ತುದಿಯಲ್ಲಿದ್ದ ಮುದುಕ ಎದ್ದ. ಅವನಿಗೆ ಪದದ ಅರ್ಥ ಗೊತ್ತಿರಲಿಲ್ಲ, ಹಿರಿಯಳ ಮುಖ ನೋಡಿಯೇ ತಿಳಿದುಕೊಂಡಿದ್ದ. "ಬಿಡಲ್ಲ." ಅವನ ಪಕ್ಕದವಳು ಎದ್ದಳು. ಮಡಕೆ ಕಡ ಕೊಡುವಾಗಿನ ಕ್ರಮದಲ್ಲೇ ಆ ಮಾತು ಸಾಲಿನಲ್ಲಿ ಇಳಿದು ಬಂತು.

"ಆ ಮುದಿ ಮುಂಡೆ ಕೈಯಿಂದ ಮೈಕ್ ಕಿತ್ಕೊಳ್ಳೋ," ಎಂದು ಅಣ್ಣ ಡ್ರೈವರ್‌ಗೆ ಕಿರುಚಿದ್ದು ಅದೇ ಮೈಕಿನಲ್ಲಿ ಸಭೆಗೆಲ್ಲ ಕೇಳಿಸಿತು. ಯಾರೋ ಕರೆಂಟ್ ತೆಗೆದರು.

ಸಾಲಿನಲ್ಲಿ ಗಂಡನ ತಂಗಿಯ ನಂತರದ ಸರದಿ ಸೊಸೆಯದು. ಅವಳು ವೇದಿಕೆ ಇಳಿದು, ತನ್ನ ಚಪ್ಪಲಿಯನ್ನೂ ಬಿಚ್ಚಿ ಪಕ್ಕಕ್ಕೆ ಸರಿಸಿ, ಆ ಜಾಗದಲ್ಲಿ ನಿಂತು ಅಣ್ಣನ ಮುಖ ನೋಡಿದಳು.

"ಬಿಡಲ್ಲ."

ಕೊನೆಗೆ ಒಂದು ಕೂಸು ತೊದಲಿತು. ಎಲ್ಲರದೂ ಮುಗಿದ ಮೇಲೆ ಜನ ನೆಲದ ಮೇಲೆ ಕುಳಿತು, ತಲೆ ತಗ್ಗಿಸಿ ತಮ್ಮ ಬರಿಗಾಲುಗಳನ್ನು ನೋಡತೊಡಗಿದರು. ಬಂದವರು ಎದ್ದು ಹೋಗುವವರೆಗೆ ಇನ್ನು ಕಾಯುವುದಷ್ಟೇ. ಹೊರಗೆ ಪೊಲೀಸ್ ಜೀಪು ಬಂದು ನಿಂತ ಸದ್ದಾಯಿತು. ಯಾರೂ ತಲೆ ಎತ್ತಲಿಲ್ಲ.